ಕೋಳಿ ತನ್ನ ಮರಿಯನ್ನೇ ಕುಕ್ಕಿ ಓಡಿಸಿದಾಗ

ಬುಧವಾರ ಸಂಜೆವರೆಗೂ ಚುಕ್ಕಿ ಒಳ್ಳೆ ತಾಯಿ. ತಿಪ್ಪೆ ಕೆದರುವುದು, ಹುಳ ಸಿಕ್ಕರೆ ತಾನು ನುಂಗದೆ ಕೊಕ್ಕಿನಲ್ಲಿ ಎತ್ತಿ ಎತ್ತಿ ಬಿಡುವುದು, "ಕೊಕ್ ಕೊಕ್ ಕೊಕ್" ಅಂತ ಮರಿಗಳನ್ನು ಕರೆಯುವುದು. ಗುರುವಾರ ಬೆಳಗ್ಗೆ ನುಚ್ಚು ಚೆಲ್ಲಿದೆ. ಏಳೂ ಮರಿ ಓಡಿ ಬಂದವು. ಮೊದಲು ಬಂದ ಮರಿಯ ನೆತ್ತಿಗೆ ಚುಕ್ಕಿ ಟಪ್ ಅಂತ ಕುಕ್ಕಿತು. ಮರಿ ಎರಡು ಮಾರು ದೂರ ಹಾರಿ ನಿಂತು, ಕತ್ತು ಓರೆ ಮಾಡಿ ನೋಡಿತು. ಕೊಕ್ಕು ತಪ್ಪಿ ತಗುಲಿರಬೇಕು ಅಂದುಕೊಂಡಿತೋ ಏನೋ, ಮತ್ತೆ ಹತ್ತಿರ ಬಂತು. ಈ ಸಲ ಚುಕ್ಕಿ ಕತ್ತಿನ ಪುಕ್ಕ ಕೆದರಿಕೊಂಡು ಅಟ್ಟಿಸಿಕೊಂಡೇ ಹೋಯಿತು.

ಕೊರಟಗೆರೆ ಕಡೆಯ ನಮ್ಮ ತೋಟದ ಮನೆಯಲ್ಲಿ ಇಪ್ಪತ್ತು ಚಿಲ್ಲರೆ ನಾಟಿ ಕೋಳಿಗಳಿವೆ. ದೀಪಾವಳಿ ಕಳೆದು ಸ್ವಲ್ಪ ದಿನ ಆಗಿತ್ತು. ಮರಿಗಳಿಗೆ ಇನ್ನೂ ಒಂಬತ್ತನೇ ವಾರ. ನನಗೆ ದಿಗಿಲಾಯಿತು. ಪಕ್ಕದ ತೋಟದ ಅಕ್ಕ ಬೇಲಿ ಆಚೆಯಿಂದಲೇ ನೋಡಿ ನಕ್ಕರು. "ಅದು ಮೊಟ್ಟೆಗೆ ಬತ್ತಾ ಐತೆ ಕಣವ್ವ. ಜುಟ್ಟು ನೋಡು, ಹೆಂಗೆ ಕೆಂಪಗಾಗೈತೆ."

ನೋಡಿದೆ. ಹೌದು. ಮರಿ ಮಾಡಿದಾಗ ಬಿಳಿಚಿಕೊಂಡು ಮುದುರಿ ಹೋಗಿದ್ದ ಜುಟ್ಟು ಕಾದ ಕಬ್ಬಿಣದ ಬಣ್ಣಕ್ಕೆ ತಿರುಗಿತ್ತು. ಹನ್ನೊಂದನೇ ದಿನಕ್ಕೆ ಚುಕ್ಕಿ ಮೊಟ್ಟೆ ಇಟ್ಟಿತು.

ಕೋಳಿ ಸಾಕುವ ಹೊಸಬರು ಜಾಸ್ತಿ ಕೇಳುವ ಪ್ರಶ್ನೆ ಇದು: ಮರಿಗಳನ್ನು ತಾಯಿಯಿಂದ ಯಾವಾಗ ಬೇರೆ ಮಾಡಬೇಕು? ಎಷ್ಟನೇ ವಾರ? ನನಗೆ ಕೇಳಿದರೆ, ಪ್ರಶ್ನೆಯೇ ಸ್ವಲ್ಪ ತಲೆಕೆಳಗಾಗಿದೆ. ಬೇರೆ ಆಗುವ ಕೆಲಸವನ್ನು ಕೋಳಿಯೇ ನೋಡಿಕೊಳ್ಳುತ್ತದೆ. ನಾವು ತಲೆ ಕೆಡಿಸಿಕೊಳ್ಳಬೇಕಾದದ್ದು ಗುಂಪಿಗೆ ಸೇರಿಸುವುದರ ಬಗ್ಗೆ. ಅದೂ ತಾಯಿ ಬಿಟ್ಟ ಮೇಲಲ್ಲ, ಬಿಡುವ ಮುಂಚೆ. ಇದನ್ನು ನಾನು ಮೂರು ಮರಿ ಕಳೆದುಕೊಂಡು ಕಲಿತೆ. ಆ ಕತೆ ಆಮೇಲೆ ಹೇಳುತ್ತೇನೆ.

ಕಾವು ಏರುವುದು, ಇಳಿಯುವುದು

ಕೋಳಿ ಕಾವಿಗೆ ಕೂರುವುದು ಅದರ ಇಷ್ಟಕ್ಕಿಂತ ಮೈಯೊಳಗಿನ ರಸಗಳ ಕೆಲಸ. ಪ್ರೊಲ್ಯಾಕ್ಟಿನ್ ಅನ್ನುವ ಹಾರ್ಮೋನು ಮೆದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಬರುತ್ತದೆ. ಹಸು ಎಮ್ಮೆಗಳಲ್ಲಿ, ನಮ್ಮಲ್ಲಿ, ಹಾಲು ಬರಿಸುವುದೂ ಇದೇ. ಕೋಳಿಗೆ ಹಾಲಿಲ್ಲ. ಅದರಲ್ಲಿ ಇದು ಕಾವು ತರಿಸುತ್ತದೆ. ಹೊಟ್ಟೆಯ ಕೆಳಗಿನ ಪುಕ್ಕ ಉದುರಿ ಚರ್ಮ ಬರಿದಾಗುತ್ತದೆ. ಆ ಬರಿ ಚರ್ಮಕ್ಕೆ ಮೊಟ್ಟೆ ತಾಗುತ್ತಿದ್ದಷ್ಟೂ ಪ್ರೊಲ್ಯಾಕ್ಟಿನ್ ಏರಿಯೇ ಇರುತ್ತದೆ. ಏರಿದ್ದಷ್ಟೂ ಕೋಳಿ ಎದ್ದು ಹೋಗುವುದಿಲ್ಲ. ಒಂದು ಇನ್ನೊಂದನ್ನು ಹಿಡಿದಿಟ್ಟುಕೊಳ್ಳುವ ಹಾಗೆ. ಕೈ ಹಾಕಿದರೆ "ಕೊರ್ರ್" ಅನ್ನುತ್ತದೆ, ಕುಕ್ಕುತ್ತದೆ, ಮೈ ಹಪ್ಪಳದ ಹಾಗೆ ಹರಡಿಕೊಳ್ಳುತ್ತದೆ. ದಿನಕ್ಕೆ ಒಂದೇ ಸಲ ಎದ್ದು, ಗಬಗಬ ತಿಂದು, ನೀರು ಕುಡಿದು, ದೊಡ್ಡದೊಂದು ಹಿಕ್ಕೆ ಹಾಕಿ, ಮತ್ತೆ ಓಡಿ ಬಂದು ಕೂರುತ್ತದೆ. 21 ದಿನ ಹೀಗೇ.

ಇದೇ ಹೊತ್ತಿನಲ್ಲಿ ಅಂಡಾಶಯ ಕುಗ್ಗಿ ಹೋಗುತ್ತದೆ. ಮೊಟ್ಟೆ ಇಡುತ್ತಿದ್ದ ಕೋಳಿಯನ್ನು ಕುಯ್ದವರು ನೋಡಿರುತ್ತೀರಿ, ಬೆನ್ನಿಗೆ ಅಂಟಿಕೊಂಡು ದ್ರಾಕ್ಷಿ ಗೊಂಚಲಿನ ಹಾಗೆ ದೊಡ್ಡದು ಚಿಕ್ಕದು ಹಳದಿ ಮೊಟ್ಟೆಗಳಿರುತ್ತವೆ. ಕಾವಿಗೆ ಕೂತ ಕೋಳಿಯಲ್ಲಿ ಆ ಗೊಂಚಲು ಒಣಗಿದ ಹಾಗಿರುತ್ತದೆ. ಜುಟ್ಟು ಕೆಂಪಾಗಿರುವುದಕ್ಕೂ ಅಂಡಾಶಯದ ಹಾರ್ಮೋನುಗಳಿಗೂ ನಂಟಿದೆ. ಅದಕ್ಕೇ ಗೊಂಚಲು ಕುಗ್ಗಿದಾಗ ಜುಟ್ಟೂ ಬಾಡುತ್ತದೆ. ಹೊಟ್ಟೆ ಸೀಳಿ ನೋಡಬೇಕಾಗಿಲ್ಲ, ತಲೆ ನೋಡಿದರೆ ಸಾಕು.

ಮೊಟ್ಟೆ ಒಡೆದು ಮರಿ ಬಂದ ಕೂಡಲೇ ಪ್ರೊಲ್ಯಾಕ್ಟಿನ್ ಇಳಿಯತೊಡಗುತ್ತದೆ. ಹಾಗಂತ ಕೋಳಿ ತಕ್ಷಣ ಮೊಟ್ಟೆಗೆ ಬರುವುದಿಲ್ಲ. ಈಗ ಮೊಟ್ಟೆಯ ಜಾಗಕ್ಕೆ ಮರಿಗಳು ಬಂದಿವೆ. ಅವು ಹೊಟ್ಟೆಯ ಕೆಳಗೆ ನುಗ್ಗುವುದು, ರೆಕ್ಕೆಯಿಂದ ತಲೆ ಆಚೆ ಹಾಕುವುದು, ಚಿಯ್ ಚಿಯ್ ಅನ್ನುವುದು, ಇವೆಲ್ಲ ಸೇರಿ ತಾಯಿಯ ಮೈಗೆ "ಇನ್ನೂ ಮೊಟ್ಟೆ ಬೇಡ" ಅಂತ ಹೇಳುತ್ತಲೇ ಇರುತ್ತವೆ. ಮರಿಗೆ ಪುಕ್ಕ ಬಂದು, ಹೊಟ್ಟೆ ಕೆಳಗೆ ಬರುವುದು ಕಮ್ಮಿ ಆದ ಹಾಗೆ ಆ ಮಾತು ಕ್ಷೀಣವಾಗುತ್ತದೆ. ಗೊಂಚಲು ಮತ್ತೆ ತುಂಬಿಕೊಳ್ಳುತ್ತದೆ. ಜುಟ್ಟು ಕೆಂಪಾಗುತ್ತದೆ. ಹುಂಜ ಹತ್ತಿರ ಬಂದರೆ ಮೊದಲಿನ ಹಾಗೆ ಹಾರಿ ಕುಕ್ಕುವುದಿಲ್ಲ. ಆಮೇಲೆ ಒಂದು ಬೆಳಗ್ಗೆ, ಟಪ್.

ಹಾಗಾಗಿ ಚುಕ್ಕಿ ಗುರುವಾರ ಬೆಳಗ್ಗೆ ಕೆಟ್ಟ ತಾಯಿ ಆಗಲಿಲ್ಲ. ವಾರಗಟ್ಟಲೆ ಒಳಗೆ ನಡೆಯುತ್ತಿದ್ದದ್ದು ಅವತ್ತು ಕೊಕ್ಕಿಗೆ ಬಂತು, ಅಷ್ಟೆ.

ವಾರದ ಲೆಕ್ಕ ಯಾಕೆ ಕೂಡುವುದಿಲ್ಲ

ನಮ್ಮ ಮನೆಯಲ್ಲಿ ಐದು ವಾರಕ್ಕೇ ಮರಿ ಬಿಟ್ಟ ಕೋಳಿಯೂ ಇತ್ತು, ಮೂರು ತಿಂಗಳು ಹಿಂದೆ ಮುಂದೆ ತಿರುಗಿಸಿಕೊಂಡು ಇದ್ದ ಕೋಳಿಯೂ ಇತ್ತು. ಸಾಮಾನ್ಯವಾಗಿ ಆರರಿಂದ ಹತ್ತು ವಾರದೊಳಗೆ ಮುಗಿಯುತ್ತದೆ. ಚಳಿಗಾಲದ ಮರಿಗಳನ್ನು ತಾಯಿ ಸ್ವಲ್ಪ ಹೆಚ್ಚು ದಿನ ಇಟ್ಟುಕೊಳ್ಳುವುದನ್ನು ನೋಡಿದ್ದೇನೆ. ಮರಿ ಕಮ್ಮಿ ಇದ್ದರೆ ಒಂದು ಥರ, ಜಾಸ್ತಿ ಇದ್ದರೆ ಒಂದು ಥರ. ಹೋಗಲಿ, ಒಂದೇ ಕೋಳಿ ಒಂದು ಸಲ ಎಂಟು ವಾರ, ಇನ್ನೊಂದು ಸಲ ಆರು ವಾರ ಮಾಡುತ್ತದೆ.

ಮರಿಯ ಕಡೆಯಿಂದ ನೋಡಿದರೆ ಮಾತ್ರ ಒಂದು ಲೆಕ್ಕವಿದೆ. ಹುಟ್ಟಿದ ಮರಿಗೆ ತನ್ನ ಮೈ ಬಿಸಿ ತಾನೇ ಕಾಯ್ದುಕೊಳ್ಳಲು ಬರುವುದಿಲ್ಲ. ಬುಡ್ಡಿ ದೀಪದ ಹಾಗೆ, ಗಾಳಿ ಬಂದರೆ ಆರಿತು. ಮೊದಲ ವಾರ ಅದಕ್ಕೆ ಸುಮಾರು 35 ಡಿಗ್ರಿ ಬಿಸಿ ಬೇಕು. ಬಲ್ಬ್ ಕೆಳಗೆ ಮರಿ ಸಾಕುವವರು ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತಾ ಬರುತ್ತಾರಲ್ಲ, ಅದಕ್ಕೇ. ಕೋಳಿಯ ಮೈ ಬಿಸಿ 41 ಡಿಗ್ರಿ ಹತ್ತಿರ ಇರುವುದರಿಂದ ತಾಯಿಯ ಹೊಟ್ಟೆಗಿಂತ ಒಳ್ಳೆ ಬಲ್ಬ್ ಇಲ್ಲ. ಮೂರು ನಾಲ್ಕು ವಾರಕ್ಕೆ ರೆಕ್ಕೆ ಪುಕ್ಕ ಬರುತ್ತದೆ. ಆರು ವಾರದ ಹೊತ್ತಿಗೆ ಹುಟ್ಟಿನ ತುಪ್ಪಳ ಹೆಚ್ಚುಕಮ್ಮಿ ಉದುರಿ, ಮೈ ತುಂಬ ನಿಜವಾದ ಪುಕ್ಕ ಬಂದಿರುತ್ತದೆ. ಅಲ್ಲಿಗೆ ಬಿಸಿಗಾಗಿ ತಾಯಿ ಬೇಕಿಲ್ಲ.

ಬಿಸಿ ಒಂದೇ ಅಲ್ಲ ಅಲ್ವಾ. ತಾಯಿ ಕೊಡುವ ಪಾಠ ಬೇರೆ ಇದೆ. ಮೊಟ್ಟೆ ಒಡೆಯುವ ಮುಂಚಿನ ದಿನವೇ ಮರಿ ಒಳಗಿನಿಂದ ಕೂಗುತ್ತದೆ, ತಾಯಿ ಮೆಲ್ಲಗೆ ಉತ್ತರ ಕೊಡುತ್ತದೆ. ಕಿವಿ ಇಟ್ಟು ಕೇಳಿ ಒಂದು ಸಲ. ಹುಟ್ಟಿದ ಮೊದಲ ಒಂದೆರಡು ದಿನದಲ್ಲಿ ಆ ದನಿ, ಆ ಆಕಾರ ಮರಿಯ ತಲೆಗೆ ಅಚ್ಚಾಗಿ ಕೂರುತ್ತದೆ. ಮೇಲೆ ಹದ್ದು ಬಂದರೆ ತಾಯಿ ಒಂದು ಥರ ಎಳೆದು ಕೂಗುತ್ತದೆ, ಮರಿಗಳು ಇದ್ದಲ್ಲೇ ಮಾಯ. ನಾಯಿ, ಮುಂಗುಸಿ ಬಂದರೆ ಇನ್ನೊಂದು ಥರ, ಕಟಕಟ ಅಂತ ಬಿಡದೆ. ಯಾವುದು ತಿನ್ನಬೇಕು, ಯಾವುದು ಬೇಡ, ಮಣ್ಣಲ್ಲಿ ಹೇಗೆ ಹೊರಳಬೇಕು, ಸಂಜೆ ಎಲ್ಲಿ ಹತ್ತಿ ಕೂರಬೇಕು, ಎಲ್ಲ ಅದರ ಹಿಂದೆ ಓಡಾಡಿ ಕಲಿಯುವುದೇ.

ತಾಯಿ ಕೋಳಿಗೆ ಮರಿಗಳ ಮೇಲೆ ನಿಜಕ್ಕೂ ಒಳಗೆ ಏನಾದರೂ ಆಗುತ್ತದಾ, ಸುಮ್ನೆ ಯಂತ್ರದ ಹಾಗೆ ಮಾಡುತ್ತದಾ ಅಂತ ನನಗೂ ಅನುಮಾನ ಇತ್ತು. ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದವರು 2011ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಮರಿಗಳ ಮೇಲೆ ಮೆಲ್ಲಗೆ ಗಾಳಿ ಊದಿದರು. ನೋವಿಲ್ಲ, ಮರಿಗೆ ಕಿರಿಕಿರಿ ಅಷ್ಟೆ. ನೋಡುತ್ತಿದ್ದ ತಾಯಿಯ ಎದೆಬಡಿತ ಏರಿತು, ಮೈಮೇಲೆ ಎಚ್ಚರ ಬಂತು, ಮರಿ ಕರೆಯುವ ದನಿ ಹೆಚ್ಚಾಯಿತು. ತನ್ನ ಮೈಗೆ ಏನೂ ಆಗದಿದ್ದರೂ. ಅಂಥ ಕೋಳಿಯೇ ಎರಡು ತಿಂಗಳಿಗೆ ಕುಕ್ಕಿ ಓಡಿಸುವುದು.

ಯಾಕೆ ಅಂತ ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ನಾಟಿ ಕೋಳಿ ಒಂದು ಸುತ್ತಿಗೆ ಹದಿನೈದು ಹದಿನೆಂಟು ಮೊಟ್ಟೆ ಇಡುತ್ತದೆ ಅಂದುಕೊಳ್ಳಿ. ಅದಕ್ಕೆ ಇಪ್ಪತ್ತೈದು ದಿನ. ಕಾವು 21 ದಿನ. ಮರಿ ಹಿಂದೆ ಹತ್ತು ವಾರ, ಅಂದರೆ 70 ದಿನ. ಒಟ್ಟು 116 ದಿನ. ವರ್ಷಕ್ಕೆ ಮೂರು ಸುತ್ತು. ಮೂರು ಹದಿನೈದಲ 45, ಮೂರು ಹದಿನೆಂಟಲ 54. "ನಾಟಿ ಕೋಳಿ ವರ್ಷಕ್ಕೆ ಐವತ್ತೇ ಮೊಟ್ಟೆ ಇಡೋದು, ಫಾರಂ ಕೋಳಿ ಮುನ್ನೂರು ಇಡುತ್ತೆ" ಅಂತ ಬೈಯುತ್ತೇವಲ್ಲ, ಅದು ಸೋಮಾರಿತನ ಅಲ್ಲ. ಫಾರಂ ಕೋಳಿಯಲ್ಲಿ ಕಾವಿಗೆ ಕೂರುವ ಗುಣವನ್ನೇ ತಳಿ ಆರಿಸಿ ಆರಿಸಿ ತೆಗೆದುಬಿಟ್ಟಿದ್ದಾರೆ. ನಾಟಿ ಕೋಳಿ ವರ್ಷದ ಮುಕ್ಕಾಲು ಭಾಗ ತಾಯ್ತನದಲ್ಲೇ ಕಳೆಯುತ್ತದೆ. ಹಳೆ ಮರಿಗೆ ಇನ್ನೊಂದು ತಿಂಗಳು ಕೊಟ್ಟರೆ ಹೊಸ ಮರಿಗಳಿಗೆ ಒಂದು ತಿಂಗಳು ಕಮ್ಮಿ. ಮರಿಗೆ ಮಾತ್ರ ತಾಯಿ ಇನ್ನಷ್ಟು ದಿನ ಇದ್ದರೆ ಲಾಭವೇ. ತಾಯಿಗೆ ಸಾಕಾಗುವ ದಿನ ಮತ್ತು ಮರಿಗೆ ಸಾಕಾಗುವ ದಿನ ಎರಡೂ ಒಂದೇ ಆಗಿರುವುದಿಲ್ಲ. ಅಮೆರಿಕದ ಜೀವವಿಜ್ಞಾನಿ ರಾಬರ್ಟ್ ಟ್ರಿವರ್ಸ್ 1974ರಲ್ಲಿ ಈ ಹಗ್ಗಜಗ್ಗಾಟವನ್ನು ಎಲ್ಲ ಪ್ರಾಣಿಗಳಿಗೂ ಸೇರಿಸಿ ವಿವರಿಸಿದರು. ಕರುವನ್ನು ಒದ್ದು ಓಡಿಸುವ ಹಸು, ಮೊಲೆ ಬಿಡಿಸುವ ನಾಯಿ, ಎಲ್ಲದರಲ್ಲೂ ಇದೇ ಜಗಳ. ಆ ಗುರುವಾರ ನಮ್ಮ ಅಂಗಳದಲ್ಲಿ ನಡೆದದ್ದೂ ಇದೇ.

"ಕೋಳಿ ತುಳಿದರೆ ಮರಿ ಸಾಯುತ್ತಾ" ಅಂತ ನಮ್ಮಜ್ಜಿ ಹೇಳುತ್ತಿದ್ದಳು. ಅಮ್ಮ ನಮಗೆ ಹೊಡೆದಾಗೆಲ್ಲ. ಸುಳ್ಳು. ಮೊದಲ ಎರಡು ದಿನ ಭಾರದ ಕೋಳಿ ತುಳಿದು ಮರಿ ಸತ್ತದ್ದನ್ನು ನೋಡಿದ್ದೇನೆ. ಆದರೆ ಬಿಡುವ ಕಾಲಕ್ಕೆ ಕುಕ್ಕುವ ಕುಕ್ಕಿನಿಂದ ಮರಿ ಸತ್ತದ್ದು ಮಾತ್ರ ನೋಡಿಲ್ಲ. ರಕ್ತ ಬರುವ ಹಾಗೆ ಕುಕ್ಕುವುದಿಲ್ಲ. ಕಾಳಿನ ಹತ್ತಿರ ಬಂದರೆ ಒಂದು, ಮೈಗೆ ಒತ್ತಿಕೊಂಡು ಬಂದರೆ ಒಂದು. ದೂರ ಹೋದರೆ ಸುಮ್ಮನಾಗುತ್ತದೆ. ಎರಡು ಮೂರು ದಿನದಲ್ಲಿ ಮರಿಗಳಿಗೆ ಅರ್ಥವಾಗುತ್ತದೆ. ಕೆಲವು ಕೋಳಿಗಳು ಹಗಲು ಓಡಿಸಿ ರಾತ್ರಿ ಪಕ್ಕದಲ್ಲೇ ಕೂರಿಸಿಕೊಳ್ಳುತ್ತವೆ. ಚುಕ್ಕಿ ಒಂದು ವಾರ ಹಾಗೆ ಮಾಡಿತು. ಹಗಲು ಹಗೆ, ರಾತ್ರಿ ಅಮ್ಮ.

ಬೂದಿಯ ಕತೆ

ಈಗ ನನ್ನ ತಪ್ಪಿನ ಕತೆ. ಎರಡು ವರ್ಷದ ಹಿಂದೆ ಬೂದಿ ಅನ್ನುವ ಹ್ಯಾಟೆ ಎಂಟು ಮರಿ ಮಾಡಿತು. ಹಿಂದಿನ ಸಲ ಹದ್ದಿಗೆ ಮರಿ ಕಳೆದುಕೊಂಡಿದ್ದೆ. ಈ ಸಲ ಜೋಪಾನ ಮಾಡುತ್ತೇನೆ ಅಂತ ತಾಯಿ ಮರಿಗಳನ್ನು ಹಳೇ ಕೊಟ್ಟಿಗೆಯೊಳಗೆ ಹಾಕಿ ಬಾಗಿಲು ಹಾಕಿದೆ. ಏಳು ವಾರ. ಒಳ್ಳೆ ಮೇವು, ನೀರು, ಒಂದು ಮರಿಯೂ ಸಾಯಲಿಲ್ಲ. ನನಗೆ ನನ್ನ ಬಗ್ಗೆಯೇ ಹೆಮ್ಮೆ. ಏಳನೇ ವಾರ ಬೂದಿ ಮರಿಗಳನ್ನು ಕುಕ್ಕತೊಡಗಿತು. ಸರಿ, ದೊಡ್ಡವಾದವು ಅಂತ ಒಂದು ಬೆಳಗ್ಗೆ ಬಾಗಿಲು ತೆಗೆದು ಎಲ್ಲವನ್ನೂ ಗುಂಪಿನೊಳಕ್ಕೆ ಬಿಟ್ಟೆ.

ಐದು ನಿಮಿಷ ಆಗಿರಲಿಲ್ಲ. ನಮ್ಮ ಕೆಂಪಿ, ಗುಂಪಿನ ಯಜಮಾನಿ, ನೇರ ಬಂದು ಬೂದಿಯ ಮೇಲೆ ಬಿತ್ತು. ಎರಡೂ ಎದೆಗೆ ಎದೆ ಕೊಟ್ಟು ಹಾರಿದವು. ಅದು ಮುಗಿಯುವಷ್ಟರಲ್ಲಿ ಇನ್ನೊಂದು. ಬೂದಿ ಜಗಳದಲ್ಲಿದ್ದಾಗ ಉಳಿದ ಕೋಳಿಗಳು ಮರಿಗಳ ಮೇಲೆ ತಿರುಗಿದವು. ಮರಿಗಳು ತಾಯಿ ಹತ್ತಿರ ಓಡಿದರೆ ತಾಯಿಯೂ ಕುಕ್ಕಿತು. ಅದಕ್ಕೆ ಆಗಲೇ ಮರಿ ಬೇಡವಾಗಿತ್ತಲ್ಲ. ಎಂಟು ಮರಿ ಎಂಟು ದಿಕ್ಕಿಗೆ. ಅಡಿಕೆ ತೋಟದ ಕಾಲುವೆ ಹತ್ತಿರ, ಹುಣಸೆ ಮರದ ಕೆಳಗೆ, ಬಣವೆ ಸಂದಿಯಲ್ಲಿ. ಸಂಜೆ ಕೋಳಿ ಮುಚ್ಚುವಾಗ ಐದೇ ಸಿಕ್ಕವು. ಒಂದರ ಪುಕ್ಕ ಮಾರನೇ ದಿನ ಬೇಲಿ ಹತ್ತಿರ ಸಿಕ್ಕಿತು. ಮುಂಗುಸಿ ಕೆಲಸ.

ಇಲ್ಲಿ ಆದದ್ದೇನು? ಕೋಳಿ ಗುಂಪು ಸುಮ್ನೆ ಒಟ್ಟಿಗೆ ಮೇಯುವ ಗುಂಪಲ್ಲ. ಯಾರು ಯಾರನ್ನು ಕುಕ್ಕಬಹುದು ಅನ್ನುವುದು ಗಟ್ಟಿಯಾಗಿ ಗೊತ್ತಿರುವ ಮನೆ ಅದು. ನಾರ್ವೆಯ ತೋರ್ಲೀಫ್ ಶೆಲ್ಡೆರುಪ್-ಎಬ್ಬೆ ಅನ್ನುವವರು ಹುಡುಗನಿದ್ದಾಗಿನಿಂದ ಕೋಳಿ ನೋಡುತ್ತಾ ಕೂತು, ಲೆಕ್ಕ ಬರೆದಿಟ್ಟು, 1921ರಲ್ಲಿ ಇದನ್ನು ಮೊದಲ ಸಲ ಸರಿಯಾಗಿ ವಿವರಿಸಿದರು. ಮೇಲಿನದು ಕೆಳಗಿನದನ್ನು ಕುಕ್ಕುತ್ತದೆ, ಕೆಳಗಿನದು ತಿರುಗಿ ಕುಕ್ಕುವುದಿಲ್ಲ. ಎಲ್ಲಕ್ಕೂ ತನ್ನ ಜಾಗ ಗೊತ್ತಿದ್ದರೆ ಜಗಳವೇ ಇರುವುದಿಲ್ಲ. ಒಂದು ನೋಟ ಸಾಕು. ಜಗಳ ಬರುವುದು ಜಾಗ ಖಾಲಿ ಆದಾಗ, ಇಲ್ಲ ಹೊಸಬರು ಬಂದಾಗ.

ಏಳು ವಾರ ಕಣ್ಣಿಗೆ ಬೀಳದ ಬೂದಿ ಹೊಸಬಳೇ ಆಗಿಬಿಟ್ಟಿತ್ತು. ಕಾವಿನ ಮೂರು ವಾರ ಸೇರಿಸಿದರೆ ಹತ್ತು ವಾರ. ಕೋಳಿಗಳು ಒಂದನ್ನೊಂದು ಗುರುತು ಹಿಡಿಯುವುದು ಮುಖ್ಯವಾಗಿ ತಲೆ, ಜುಟ್ಟು ನೋಡಿ. ಕಾವಿಗೆ ಕೂತು ಎದ್ದ ಕೋಳಿಯ ಜುಟ್ಟು ಮೊದಲಿನ ಹಾಗೆ ಇರುವುದಿಲ್ಲ ಅಂತ ಆಗಲೇ ಹೇಳಿದೆ. ಹಾಗಾಗಿ ಬೂದಿ ತನ್ನ ಜಾಗಕ್ಕಾಗಿ ಮತ್ತೆ ಮೊದಲಿನಿಂದ ಬಡಿದಾಡಬೇಕಾಯಿತು. ಮರಿಗಳಿಗಂತೂ ಜಾಗವೇ ಇರಲಿಲ್ಲ. ಅವುಗಳ ಬೆನ್ನಿಗೆ ನಿಲ್ಲಬೇಕಿದ್ದ ಒಂದೇ ಒಂದು ಕೋಳಿಗೆ ಅದೇ ವಾರ ತಾಯ್ತನ ಮುಗಿದಿತ್ತು.

ನಾನು ಬಾಗಿಲು ತೆಗೆಯಲು ಇದಕ್ಕಿಂತ ಕೆಟ್ಟ ವಾರ ಹುಡುಕಿದ್ದರೂ ಸಿಗುತ್ತಿರಲಿಲ್ಲ.

ತಾಯಿ ಬೆನ್ನಿಗಿರುವಾಗಲೇ

ಚುಕ್ಕಿಯ ಸರದಿ ಬಂದಾಗ ಪಕ್ಕದ ಅಕ್ಕ ಹೇಳಿದಂತೆ ಮಾಡಿದೆ. ಗಣೇಶನ ಹಬ್ಬದ ಆಸುಪಾಸಿನಲ್ಲಿ ಹನ್ನೊಂದು ಮೊಟ್ಟೆಗೆ ಒಂಬತ್ತು ಮರಿ ಆದವು. ಮಂಕರಿಯೊಳಗೆ ಹುಲ್ಲಿನ ಜೊತೆ ಎರಡು ಚೂರು ಇದ್ದಿಲು, ಒಂದು ಮೊಳೆ, ಒಂದು ಒಣಮೆಣಸಿನಕಾಯಿ ಇಟ್ಟಿದ್ದಳು ಅಮ್ಮ. ಗುಡುಗಿಗೆ ಮೊಟ್ಟೆ ಕೆಡಬಾರದು ಅಂತ. ಇದ್ದಿಲಿಗೂ ಗುಡುಗಿಗೂ ಏನು ಸಂಬಂಧವೋ ದೇವರೇ ಬಲ್ಲ. ಎರಡು ಬಿಟ್ಟರೆ ಮೊಟ್ಟೆ ಕೆಡಲಿಲ್ಲ ಅನ್ನುವುದು ಬೇರೆ ಮಾತು, ಅಮ್ಮ ಗೆದ್ದಳು.

ಮೊದಲ ಎರಡು ವಾರ ತಾಯಿ ಮರಿ ಗುಂಪಿನಿಂದ ಬೇರೆ. ಆದರೆ ಕೊಟ್ಟಿಗೆಯೊಳಗಲ್ಲ, ಅಂಗಳದಲ್ಲೇ. ನಾಲ್ಕು ಗೂಟ ಹೊಡೆದು ಸಣ್ಣ ಕಣ್ಣಿನ ಜಾಲರಿ ಸುತ್ತಿ, ಮೇಲೆ ತೆಂಗಿನ ಗರಿ ಹೊದಿಸಿದೆ. ಹೊರಗಿನ ಕೋಳಿಗಳಿಗೆ ಒಳಗಿನದು ಕಾಣಬೇಕು, ಕೇಳಿಸಬೇಕು, ಕುಕ್ಕಲು ಮಾತ್ರ ಸಿಗಬಾರದು. ಕೆಂಪಿ ಮೊದಲ ದಿನ ಜಾಲರಿ ಹತ್ತಿರ ಬಂದು ಕತ್ತು ಕೆದರಿತು. ಒಳಗಿನಿಂದ ಚುಕ್ಕಿ ಮೈ ಎರಡರಷ್ಟು ಉಬ್ಬಿಸಿಕೊಂಡು ನುಗ್ಗಿ ಬಂತು. ನಾಲ್ಕನೇ ದಿನಕ್ಕೆ ಇಬ್ಬರೂ ಜಾಲರಿಯ ಆಚೆ ಈಚೆ ಪಕ್ಕಪಕ್ಕದಲ್ಲೇ ಕೆದರುತ್ತಿದ್ದರು.

ಎರಡನೇ ವಾರದ ಕೊನೆಗೆ ಸಂಜೆ ಹೊತ್ತು ಜಾಲರಿ ಎತ್ತಿದೆ. ಮುಚ್ಚಲು ಒಂದು ಗಂಟೆ ಇರುವಾಗ. ಆ ಹೊತ್ತಿಗೆ ಎಲ್ಲ ಕೋಳಿಗಳ ಹೊಟ್ಟೆ ತುಂಬಿರುತ್ತದೆ, ಜಗಳಕ್ಕೆ ಉತ್ಸಾಹ ಕಮ್ಮಿ, ಏನಾದರೂ ಆದರೆ ಕತ್ತಲು ಬಂದು ನಿಲ್ಲಿಸುತ್ತದೆ. ಒಂದು ಪಡ್ಡೆ ಕೋಳಿ ಕುತೂಹಲಕ್ಕೆ ಮರಿ ಹತ್ತಿರ ಬಂತು. ಚುಕ್ಕಿ ಅದನ್ನು ಅಂಗಳ ದಾಟಿಸಿ, ಬಚ್ಚಲು ದಾಟಿಸಿ, ಬಾಳೆ ಬುಡದವರೆಗೆ ಅಟ್ಟಿಕೊಂಡು ಹೋಗಿ ಬಂತು. ಅಷ್ಟೇ. ಸುದ್ದಿ ಎಲ್ಲರಿಗೂ ಮುಟ್ಟಿತು. ಎರಡು ವಾರದ ಮರಿಯ ತಾಯಿಯ ತಂಟೆಗೆ ನಾಯಿಯೂ ಹೋಗುವುದಿಲ್ಲ. ಈ ಕೋಪವೇ ಮರಿಗಳ ಪಾಲಿನ ಪರವಾನಗಿ. ಅದು ಇರುವ ನಾಲ್ಕೈದು ವಾರದಲ್ಲಿ ಮರಿಗಳು ದೊಡ್ಡವರ ನಡುವೆ ಓಡಾಡಿ, ಯಾರ ತಟ್ಟೆಗೆ ಬಾಯಿ ಹಾಕಬಾರದು, ಯಾರು ಕತ್ತು ಎತ್ತಿದರೆ ಓಡಬೇಕು ಅಂತ ಕಲಿಯುತ್ತವೆ. ದೊಡ್ಡವಕ್ಕೂ ಇವು ಕಣ್ಣಿಗೆ ಅಭ್ಯಾಸವಾಗುತ್ತವೆ. ಒಂಬತ್ತನೇ ವಾರ ಚುಕ್ಕಿ ಕೈಬಿಟ್ಟಾಗ ಮರಿಗಳು ಗುಂಪಿನ ತಳದಲ್ಲಿದ್ದವು ನಿಜ. ಆದರೆ ಗುಂಪಿನೊಳಗಿದ್ದವು.

ಒಂಬತ್ತರಲ್ಲಿ ಒಂದನ್ನು ಹದ್ದು ಎತ್ತಿತು, ಒಂದು ಮಳೆಯಲ್ಲಿ ನೆನೆದು ಸತ್ತಿತು. ಅದು ನಾಟಿ ಕೋಳಿಯ ಸಂಸಾರ, ಅಷ್ಟಾಗುತ್ತದೆ. ಗುಂಪಿನ ಕುಕ್ಕಿಗೆ ಮಾತ್ರ ಒಂದೂ ಹೋಗಲಿಲ್ಲ.

ಮೇವಿನ ವಿಷಯ ಒಂದಿದೆ. ಮೊಟ್ಟೆ ಕೋಳಿಯ ಫೀಡ್‌ನಲ್ಲಿ ಸುಣ್ಣದಂಶ ಶೇಕಡ 3.5ರಿಂದ 4ರಷ್ಟು ಇರುತ್ತದೆ. ಮರಿಗೆ ಬೇಕಾದದ್ದು ಶೇಕಡ 1ರ ಹತ್ತಿರ. ಬೆಳೆಯುವ ಮರಿ ವಾರಗಟ್ಟಲೆ ಅದನ್ನೇ ತಿಂದರೆ ಮೂತ್ರಪಿಂಡ ಕೆಡುತ್ತದೆ. ಹಾಗಾಗಿ ಒಟ್ಟಿಗೆ ಇರುವಷ್ಟು ದಿನ ಎಲ್ಲಕ್ಕೂ ಮರಿ ಫೀಡ್ ಕೊಟ್ಟು, ಮೊಟ್ಟೆ ಇಡುವವಕ್ಕೆ ಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಲ್ಲಿ ಇಟ್ಟರೆ ಸಾಕು, ಬೇಕಾದವು ತಿನ್ನುತ್ತವೆ. ಇಲ್ಲಾಂದ್ರೆ ನಮ್ಮಜ್ಜಿಯ ಉಪಾಯ. ಮಂಕರಿ ಬೋರಲು ಹಾಕಿ, ಒಂದು ಕಡೆ ಕಲ್ಲು ಕೊಟ್ಟು ಮೂರು ಬೆರಳು ಎತ್ತರಿಸಿ, ಒಳಗೆ ನುಚ್ಚು, ಗೆದ್ದಲು ಹಾಕುವುದು. ಮರಿಗಳು ನುಸುಳಿ ಹೋಗಿ ತಿನ್ನುತ್ತವೆ, ದೊಡ್ಡವು ಸುತ್ತ ತಿರುಗಿ ಗೊಣಗುತ್ತವೆ. ಮರಿ ಬೆಳೆದ ಹಾಗೆ ಕಲ್ಲು ದೊಡ್ಡದಾಗುತ್ತಾ ಹೋಗಬೇಕು. ಕುಕ್ಕು ಜಾಸ್ತಿಯಾದಾಗ ಅಡಗಿಕೊಳ್ಳಲೂ ಅದೇ ಜಾಗ. ನೀರು ಮತ್ತು ಕಾಳು ಎರಡು ಮೂರು ಕಡೆ ಇಡಿ, ಒಂದೇ ಕಡೆ ಇಟ್ಟರೆ ಯಜಮಾನಿ ಅಲ್ಲೇ ಬೀಡು ಬಿಡುತ್ತದೆ.

ರಾತ್ರಿ ಕತ್ತಲಲ್ಲಿ ಹೊಸ ಮರಿಗಳನ್ನು ತೆಗೆದುಕೊಂಡು ಹೋಗಿ ಗೂಡಿನಲ್ಲಿ ಕೂರಿಸಿಬಿಟ್ಟರೆ, ಬೆಳಗ್ಗೆ ಎದ್ದಾಗ ಹಳಬರು "ಇವು ನಮ್ಮವೇ" ಅಂದುಕೊಳ್ಳುತ್ತವೆ ಅಂತ ಹಲವರು ಹೇಳುತ್ತಾರೆ. ನನಗೆ ನಂಬಿಕೆ ಇಲ್ಲ. ಕೋಳಿಗೆ ಕತ್ತಲಲ್ಲಿ ಕಣ್ಣು ಕಾಣುವುದಿಲ್ಲ, ಅದಕ್ಕೆ ರಾತ್ರಿ ಸುಮ್ಮನಿರುತ್ತದೆ. ಬೆಳಕಾದ ಮೇಲೆ ಚೆನ್ನಾಗಿಯೇ ಕಾಣುತ್ತದೆ.

ಲಸಿಕೆಯನ್ನೂ ಇದರ ಜೊತೆ ನೋಡಿಕೊಳ್ಳಬೇಕು. ಕೊಕ್ಕರೆ ರೋಗಕ್ಕೆ, ಅಂದರೆ ರಾಣಿಖೇತ್‌ಗೆ, ಮೊದಲ ಹನಿ ಹುಟ್ಟಿದ ಐದರಿಂದ ಏಳನೇ ದಿನದೊಳಗೆ ಕಣ್ಣಿಗೋ ಮೂಗಿಗೋ ಹಾಕುತ್ತಾರೆ. ಗುಂಪಿಗೆ ಬಿಡುವ ಮುಂಚೆ ಅದಾಗಿರಬೇಕು. ದೊಡ್ಡ ಕೋಳಿಗಳು ತಾವು ಗಟ್ಟಿಯಾಗಿದ್ದೇ ರೋಗ ಹೊತ್ತು ತಿರುಗುತ್ತಿರಬಹುದು. ಅದೇ ರೋಗಕ್ಕೆ ಎಂಟನೇ ವಾರ ಕೊಡುವ ಸೂಜಿ, ಆರ್‌ಟುಬಿ ಅನ್ನುವ ಲಸಿಕೆ, ಸರಿಯಾಗಿ ತಾಯಿ ಬಿಡುವ ಹೊತ್ತಿಗೇ ಬೀಳುತ್ತದೆ. ಎರಡು ಪೆಟ್ಟು ಒಂದೇ ದಿನ ಬೇಡ, ಪಶುವೈದ್ಯರನ್ನು ಕೇಳಿ ನಾಲ್ಕು ದಿನ ಆಚೀಚೆ ಮಾಡಿ. ಮಳೆಗಾಲದಲ್ಲಿ ಗೂಡಿನ ಹಾಸು ಒದ್ದೆಯಾಗಿದ್ದರೆ ರಕ್ತಭೇದಿ ಮರಿಗಳನ್ನು ಮೊದಲು ಹಿಡಿಯುತ್ತದೆ.

ತಾಯಿ ತೀರಾ ಬೇಗ, ನಾಲ್ಕು ವಾರಕ್ಕೇ ಬಿಟ್ಟರೆ? ಚಳಿ ಇದ್ದರೆ ರಾತ್ರಿಗೆ ಬಲ್ಬ್ ಬೇಕು, ಹಗಲು ಜಾಲರಿಯ ಹಿಂದೆ ಇರಬೇಕು. ಬೆನ್ನಿಗೆ ತಾಯಿಯೇ ಇಲ್ಲದ ಮರಿಗಳಿಗೂ ಇದೇ. ಅಂಗಡಿಯಿಂದ ತಂದ ಗಿರಿರಾಜ ತಳಿಯ ಮರಿಗಳನ್ನು ನಾನು ಮೂರು ತಿಂಗಳ ಮುಂಚೆ ದೊಡ್ಡವರ ಜೊತೆ ಬಿಡುವುದಿಲ್ಲ. ಮೈ ಬೆಳೆದಿರಬೇಕು, ಓಡಲು ಕಾಲಿರಬೇಕು. ಒಂದೇ ಮರಿಯನ್ನು ಮಾತ್ರ ಯಾವತ್ತೂ ಒಂಟಿಯಾಗಿ ಬಿಡಬೇಡಿ, ಎರಡಾದರೂ ಇರಲಿ. ಕುಕ್ಕು ಹಂಚಿಹೋಗುತ್ತದೆ.

ಇನ್ನು ಕೆಲವರು ಮೊಟ್ಟೆಯ ಆಸೆಗೆ ಎರಡು ವಾರಕ್ಕೇ ಮರಿಗಳನ್ನು ಕಿತ್ತುಕೊಂಡು ಬಲ್ಬ್ ಕೆಳಗೆ ಹಾಕುತ್ತಾರೆ. ತಾಯಿ ಬೇಗ ಮೊಟ್ಟೆಗೆ ಬರುವುದು ನಿಜ, ಲೆಕ್ಕದಲ್ಲಿ ಒಂದು ಸುತ್ತು ಜಾಸ್ತಿ ಸಿಗಬಹುದು. ವ್ಯಾಪಾರಕ್ಕೆ ಮಾಡುವವರಿಗೆ ಸರಿ ಇರಬಹುದು. ತೋಟದಲ್ಲಿ ಬಿಟ್ಟು ಮೇಯಿಸುವ ಕೋಳಿಗೆ ಹದ್ದಿನ ಕೂಗು ಯಾರು ಕಲಿಸುತ್ತಾರೆ?

ತಾಯಿ ಬಿಟ್ಟ ಮೇಲೂ ಏಳು ಮರಿಗಳು ಸುಮಾರು ದಿನ ಒಟ್ಟಿಗೇ ತಿರುಗಿದವು. ಅಣ್ಣ ತಮ್ಮ ಅಕ್ಕ ತಂಗಿ ಗುಂಪು, ದೊಡ್ಡವರಿಂದ ಹತ್ತು ಹೆಜ್ಜೆ ದೂರ. ನಾಲ್ಕು ಹುಂಜ, ಮೂರು ಹ್ಯಾಟೆ ಅಂತ ಸ್ಪಷ್ಟವಾಗಿ ಗೊತ್ತಾದದ್ದು ಆಗಲೇ. ಹುಂಜದ ಮರಿಗಳು ತಮ್ಮತಮ್ಮಲ್ಲೇ ಎದೆ ಕೊಡುವ ಆಟ ಶುರು ಮಾಡಿದ್ದವು, ದೊಡ್ಡ ಹುಂಜ ಕಣ್ಣು ಬಿಟ್ಟರೆ ಬೇಲಿ ಸಂದಿಗೆ ಓಟ. ಚುಕ್ಕಿ ಡಿಸೆಂಬರಿನಲ್ಲಿ ಮತ್ತೆ ಕಾವಿಗೆ ಕೂತು ಮರಿ ಮಾಡಿತು, ಫೆಬ್ರವರಿಯಲ್ಲಿ ಅವನ್ನೂ ಬಿಟ್ಟಿತು. ಯುಗಾದಿ ಹೊಸತೊಡಕಿಗೆ ಮೂರು ಹುಂಜ ಮಾರಾಟವಾದವು, ಒಂದು ಮನೆಗೆ.

ಅದೇ ವಾರ ಅಮ್ಮ ಮಂಕರಿಯಲ್ಲಿ ಮೊಟ್ಟೆ ತೆಗೆಯಲು ಹೋದಳು. ಚುಕ್ಕಿ ಇಟ್ಟದ್ದು ಎರಡು ಇದ್ದವು. ಪಕ್ಕದಲ್ಲಿ ನೆಲ್ಲಿಕಾಯಿಗಿಂತ ಸ್ವಲ್ಪ ದೊಡ್ಡದು, ಇನ್ನೂ ಬೆಚ್ಚಗೆ, ತುದಿಯಲ್ಲಿ ಕೂದಲೆಳೆಯಷ್ಟು ರಕ್ತದ ಗೆರೆ. ಎಳೆ ಹ್ಯಾಟೆಯ ಮೊದಲ ಮೊಟ್ಟೆ. ಮಗಳು ಕೊಕ್ಕೊಕ್ಕೋ ಅಂತ ಊರಿಗೇ ಸಾರುತ್ತಾ ಅಂಗಳದಲ್ಲಿ ತಿರುಗುತ್ತಿತ್ತು. ಕಾಳಿನ ಹತ್ತಿರ ಬಂದಾಗ ಚುಕ್ಕಿ ಅದರ ನೆತ್ತಿಗೆ ಒಂದು ಕೊಟ್ಟಿತು.